ತೆರೆದ ಗಡಿಯನ್ನು ತೋರಿಸಿದ ಮೇಷ್ಟ್ರು

ರಾಜ್ಯಶಾಸ್ತ್ರವೆಂದರೆ ಪರೀಕ್ಷೆಗೆ ಮುನ್ನ ಉರುಹೊಡೆಯುವ ವಿಷಯವೆಂದೇ ನಂಬಿದ್ದ ಕೋಲಾರ ಸೀಮೆಯ ಮಕ್ಕಳಿಗೆ, ದೂರದ ದೇಶಗಳ ಸ್ನೇಹವೈರಗಳನ್ನು ನೆರೆಮನೆಯ ಸಂಗತಿಯಂತೆ ಬಿಡಿಸಿ ಹೇಳಿದವರು ಪ್ರೊ. ಸೀತಾರಾಮ ಅವರು. ಮುಳಬಾಗಿಲಿನ ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯುವ ಭಾಗ್ಯ, ಅವರಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡ ಶಿಷ್ಯನಾದ ನನಗೆ ಒದಗಿದೆ.

೧೯೯೩ರಲ್ಲಿ ನಾವು ಬಿ.ಎ. ಓದುವಾಗ ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಮಾತ್ರ ಗಟ್ಟಿಮುಟ್ಟಾಗಿತ್ತು. ಮೇಷ್ಟ್ರು ಪುಸ್ತಕ ಮುಚ್ಚಿಸಿ, ಒಬ್ಬೊಬ್ಬರಿಗೆ ಒಂದೊಂದು ಹೊಸ ದೇಶವನ್ನು ವಹಿಸಿದರು. ಪತ್ರಿಕೆಯಲ್ಲಿ ಸುದ್ದಿ ಬಂದಂತೆ ನಾವು ಬೆಂಚು ಬದಲಿಸಬೇಕು: ಗಡಿ ತೆರೆದವರ ಪಕ್ಕ ಕೂರಬೇಕು, ಮುಚ್ಚಿದವರಿಂದ ದೂರ ಸರಿಯಬೇಕು. ನನ್ನ ಪಾಲಿಗೆ ಬಂದದ್ದು ಅಜರ್‌ಬೈಜಾನಿನೊಡನೆ ಕಾದಾಡುತ್ತಿದ್ದ ಅರ್ಮೇನಿಯಾ. ರಷ್ಯಾದ ಪಕ್ಕ ಹಾಯಾಗಿ ಕೂತಿದ್ದ ನನ್ನನ್ನು ಎಬ್ಬಿಸಿ, "ರಷ್ಯಾ ನಿನ್ನ ಸ್ನೇಹಿತ ನಿಜ ಕಣೋ, ಆದ್ರೆ ನಿಮ್ಮಿಬ್ಬರ ಮಧ್ಯೆ ಗಡೀನೇ ಇಲ್ವಲ್ಲ. ನಿನಗೆ ಗೋಧಿ ಯಾವ ದಾರೀಲಿ ಬರತ್ತೆ?" ಎಂದು ಗದರಿ, ಜಾರ್ಜಿಯಾ ಆಗಿದ್ದ ಆದಿಲಕ್ಷ್ಮಿಯ ಬೆಂಚಿಗೆ ಕಳಿಸಿದರು. ಇಡೀ ತರಗತಿ ನಕ್ಕಿತು.

೨೦೦೮ರ ಆಗಸ್ಟಿನಲ್ಲಿ ರಷ್ಯಾಕ್ಕೂ ಜಾರ್ಜಿಯಾಕ್ಕೂ ಯುದ್ಧ ಹೊತ್ತಿಕೊಂಡಾಗ, ನನ್ನ ಅಕ್ಕನ ಮಗಳು ಪವಿತ್ರ ಜಾರ್ಜಿಯಾದ ರಾಜಧಾನಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ವಿಮಾನಗಳು ನಿಂತವು. ಸೀಟು ಕೊಡಿಸಿದ್ದ ಏಜೆಂಟು, ಹುಡುಗಿ ಸಮುದ್ರದ ಬಂದರಿಗೆ ಹೋಗಲಿ ಎಂದ. ಹುತ್ತೂರಿನಲ್ಲಿ ಹಿಪ್ಪುನೇರಳೆ ಬೆಳೆಯುವ ನನ್ನ ಭಾವ ಚನ್ನರಾಯಪ್ಪನವರು ಒಪ್ಪಿಯೂ ಬಿಟ್ಟಿದ್ದರು. ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಸಿಕ್ಕ ಬಸ್ಸು ಹತ್ತಿ ಹುತ್ತೂರಿಗೇ ಬಂದರು.

"ಬಂದರು ಬೇಡ, ಅಲ್ಲೇ ಬಾಂಬ್ ಬೀಳ್ತಿದೆ. ದಕ್ಷಿಣಕ್ಕೆ ಅರ್ಮೇನಿಯಾಗೆ ಹೋಗ್ಲಿ," ಎಂದರು ಮೇಷ್ಟ್ರು.

"ಅವ್ರು ರಷ್ಯಾ ಕಡೆಯೋರಂತಲ್ಲ ಸಾರ್! ಹಗೆ ಮನೆಗೇ ಮಗೂನ ಕಳಿಸ್ಲಾ?" ಎಂದರು ಭಾವ.

"ರಷ್ಯಾ ಕಡೆಯೋರೇ. ಆದ್ರೆ ಅವರ ಮನೆಗೆ ಹಿಟ್ಟು ಬರೋದು ಜಾರ್ಜಿಯಾ ದಾರೀಲಿ. ಆ ಗಡೀನ ಅವರು ಮುಚ್ಚಲ್ಲ, ಯಜಮಾನ್ರೇ."

"ನಿಮ್ ಮಗಳಾಗಿದ್ರೆ?"

"ನನ್ನ ಮೃದುಲಾನೇ ಅಲ್ಲಿದ್ರೂ ಇದೇ ಹೇಳ್ತಿದ್ದೆ."

ಭಾವ ಫೋನ್ ತೆಗೆದುಕೊಂಡು, ಅರ್ಮೇನಿಯಾಗೆ ಹೊರಡು ಎಂದು ಮಗಳಿಗೆ ಹೇಳಿದರು. ಅವಳು ಗಡಿ ದಾಟಿದ ಸುದ್ದಿ ಮರುದಿನ ಬರುವ ತನಕ ಮೇಷ್ಟ್ರು ಆ ಮನೆ ಬಿಟ್ಟು ಕದಲಲಿಲ್ಲ. ನನ್ನ ಅಕ್ಕ ಬೈರಮ್ಮ ಬಡಿಸಿದ್ದನ್ನೂ ಸರಿಯಾಗಿ ಉಣ್ಣಲಿಲ್ಲ. ಅಷ್ಟು ಖಡಾಖಂಡಿತವಾಗಿ ಹೇಳಿದವರು ರಾತ್ರಿಯಿಡೀ ಫೋನಿನ ಪಕ್ಕವೇ ಕೂತಿದ್ದುದನ್ನು ನಾನು ಕಂಡೆ. ಅಲ್ಲಿಯವರೆಗೆ ಅವರೆಂದರೆ ನನಗೆ ಭಯಭಕ್ತಿ, ಅಂದಿನಿಂದ ಪ್ರೀತಿ.

ಊರಿಗೆ ಬಂದ ಪವಿತ್ರ, ಯುದ್ಧ ನಿಂತ ಮೇಲೆ ಓದು ಮುಗಿಸಲು ಹೋಗಿಯೇ ತೀರುತ್ತೇನೆಂದು ಹಟ ಹಿಡಿದಳು. ಬೇಡವೆಂದ ನಾವೆಲ್ಲ ಸೋತೆವು. ಹೊರಡುವ ದಿನ ಭಾವ ಹೇಳಿದ್ದು ಇಷ್ಟೇ: "ಮತ್ತೆ ಏನಾದ್ರೂ ಆದ್ರೆ ಮೊದ್ಲು ಮೇಷ್ಟ್ರಿಗೆ ಫೋನ್ ಮಾಡಮ್ಮಾ. ನನಗೆ ಆಮೇಲೆ."

ಪೂಜ್ಯರೇ, ಸರ್ಕಾರ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಿದೆ. ನಮ್ಮ ಭಾವ ಮಾಡಿಲ್ಲ. ಪವಿತ್ರಳ ಓದು ಇನ್ನೂ ಮುಗಿದಿಲ್ಲ. ಅವಳ ಹಿಂದೆಯೇ ಹೊರಟು ನಿಂತ ನಮ್ಮ ಸೀಮೆಯ ಮಕ್ಕಳು ಬೇರೆ ಇದ್ದಾರೆ. ತಾವು ಆಯುರಾರೋಗ್ಯದಿಂದ ನೂರ್ಕಾಲ ಬಾಳಬೇಕು, ಮತ್ತು ಅವರ ಫೋನ್ ಬಂದಾಗಲೆಲ್ಲ ಎತ್ತಬೇಕು.