ಮೀಟರ್ ಬಾಕ್ಸಿನ ಮಹಾಲಕ್ಷ್ಮಿ

ಮೂರು ವರ್ಷದ ಹಿಂದೆ, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ ಇದ್ದಾಗ, ನಾನು ಜೇನು ಸಾಕಣೆ ವಿಭಾಗದಲ್ಲಿ ಸಹಾಯಕ ಅಧಿಕಾರಿಯಾಗಿದ್ದೆ. ಒಂದು ಶುಕ್ರವಾರ ಬೆಳಿಗ್ಗೆ ಎನ್.ಆರ್. ಕಾಲೋನಿಯಿಂದ ಶಾರದಮ್ಮ ಎಂಬವರ ಫೋನು ಬಂತು.

"ಹತ್ತು ಗಂಟೆಗೆ ಔಷಧಿ ಹೊಡೆಯೋರು ಬರ್ತಾರೆ ಸಾರ್. ಕಣಜದ ಹುಳಕ್ಕೆ ಹೊಡೀಲಿ, ನನ್ನ ಜೇನಿಗೆ ಏನೂ ಆಗಬಾರದು. ಭಾನುವಾರ ಸತ್ಯನಾರಾಯಣ ಪೂಜೆ. ಪಂಚಾಮೃತಕ್ಕೆ ನಮ್ಮನೇದೇ ಜೇನುತುಪ್ಪ ಅಂತ ಬೀಗರಿಗೆ ಹೇಳ್ಬಿಟ್ಟಿದೀನಿ."

ಹೋಗಿ ನೋಡಿದರೆ ಆಡಳಿತ ಅಚ್ಚುಕಟ್ಟಾಗಿತ್ತು. ಅವರ ಪತಿ ರಾಮರಾಯರು ನಿವೃತ್ತ ಮುಖ್ಯೋಪಾಧ್ಯಾಯರು. ಸೀಮೆಸುಣ್ಣ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಹಿತ್ತಲ ಗೋಡೆಯ ಬಿರುಕಿನ ಪಕ್ಕ 'ಕಣಜ', ವರಾಂಡದ ಹಳೆಯ ಮೀಟರ್ ಬಾಕ್ಸಿನ ಮೇಲೆ 'ಜೇನು' ಎಂದು ದುಂಡಗೆ ಬರೆದಿದ್ದರು. ಬಾಕ್ಸಿಗೆ ಅರಿಶಿನ ಕುಂಕುಮ, ಕೆಳಗೆ ಬಟ್ಟಲಲ್ಲಿ ಸಕ್ಕರೆ ನೀರು. ಮನೆಗೆ ಜೇನು ಬಂದರೆ ಲಕ್ಷ್ಮಿ ಬಂದಂತೆ ಎಂದು ಶಾರದಮ್ಮ ಎರಡು ತಿಂಗಳಿಂದ ನೈವೇದ್ಯ ತಪ್ಪಿಸಿರಲಿಲ್ಲ.

ಬಾಕ್ಸಿನ ಲಕ್ಷ್ಮಿಗೆ ಸೊಂಟ ದಾರದಷ್ಟು ಸಣ್ಣ, ಮೈ ಎಣ್ಣೆ ಸವರಿದಷ್ಟು ನುಣುಪು. ಹಾರುವಾಗ ಕಾಲು ಜೋತಾಡುತ್ತಿದ್ದವು. ಗೂಡು ಮೇಣದ್ದಲ್ಲ, ಬೂದು ಕಾಗದದಂಥದ್ದು. ಬಿರುಕಿನೊಳಗೆ ಹೋಗುತ್ತಿದ್ದವಕ್ಕೋ ಮೈತುಂಬ ರೋಮ, ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ. ಅಪ್ಪಟ ತುಡುವೆ ಜೇನು.

"ರಾಯರೇ, ಬರಹ ಅದಲುಬದಲಾಗಿದೆ" ಎಂದೆ.

"ಸಾಧ್ಯವಿಲ್ಲ. ಬಾಕ್ಸಿನದು ನನಗೇ ಕಚ್ಚಿದೆ. ಜೇನೇ."

"ಒಂದೇ ಹುಳ ಎಷ್ಟು ಸಲ ಕುಟುಕಿತು?"

"ಮೂರು."

"ಮುಳ್ಳು ಸಿಕ್ಕಿತಾ?"

"ಇಲ್ಲ. ಆರಾಮಾಗಿ ಹಾರಿಹೋಯ್ತು."

"ಜೇನಾಗಿದ್ರೆ ಒಂದೇ ಸಲ. ಮುಳ್ಳು ನಿಮ್ಮ ಕೈಯಲ್ಲೇ ಉಳೀತಿತ್ತು, ಅದು ಸತ್ತೇ ಹೋಗ್ತಿತ್ತು."

ಶಾರದಮ್ಮ ಗಂಡನ ಕಡೆ ತಿರುಗಿದರು. "ಇವರ ಅಕ್ಷರ ನಂಬಿ ಎರಡು ತಿಂಗಳು ಕಣಜಕ್ಕೆ ಆರತಿ ಎತ್ತಿದೀನಿ."

ಅಷ್ಟರಲ್ಲಿ ಪಂಪು ಹೊತ್ತವನು ಬಂದ. ಓದು ಬರಹ ಬಲ್ಲವನಾದ್ದರಿಂದ ನೇರ ಬಿರುಕಿನ ಕಡೆ ನಡೆದ. ರಾಯರು ಓಡಿಹೋಗಿ, ಪಂಚೆಯ ತುದಿಯಿಂದ 'ಕಣಜ'ವನ್ನು ಒರೆಸಿ, ಅಡ್ಡ ನಿಂತರು. "ಇಲ್ಲಿ ಬೇಡಪ್ಪ. ಇವರು ನಮ್ಮವರು."

"ಹಂಗಾದ್ರೆ ಬಾಕ್ಸಿಗೆ ಹೊಡೀಲಾ ಸಾರ್?"

"ಕುಂಕುಮ ಇಟ್ಟ ಮೇಲೆ ಹೊಡೆಸೋಕಾಗತ್ತೇನಪ್ಪ?" ಎಂದರು ಶಾರದಮ್ಮ. ಅವನು ಕಾಫಿ ಕುಡಿದು ಹೋದ. ಕಣಜಗಳಿಗೆ ಸಕ್ಕರೆ ನೀರು ಮಾತ್ರ ರದ್ದಾಯಿತು.

ಮಧ್ಯಾಹ್ನ ಬಿರುಕು ಅಗಲಿಸಿ, ಮೇಣದ ಎರಿಗಳನ್ನು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿಯನ್ನು ನಾನು ತಂದಿದ್ದ ಜೇನುಪೆಟ್ಟಿಗೆಗೆ ಇಳಿಸಿದೆ. ಸಂಜೆಯೊಳಗೆ ಪ್ರಜೆಗಳೆಲ್ಲ ಹಿಂಬಾಲಿಸಿದರು. ಒಂದು ಲೋಟ ಜೇನುತುಪ್ಪ ಸಿಕ್ಕಿತು, ಪಂಚಾಮೃತಕ್ಕೆ ಧಾರಾಳವಾಯಿತು. ಬೀಗರು ಹೊಗಳಿದಾಗ ರಾಯರು, "ನಮ್ಮನೆ ಜೇನನ್ನ ಗುರುತಿಸೋದು ಅಷ್ಟು ಸುಲಭವಲ್ಲ" ಎಂದರಂತೆ.

ಹುಳುವನ್ನು ಗುರುತಿಸಲು ಒಂದು ನಿಮಿಷ ಸಾಕು. ಅಂದಿನಿಂದ ಯಾವ ಮನೆಗೆ ಹೋದರೂ ನಾನು ಮೊದಲು ಹುಳುವಿನ ಹಿಂಗಾಲು ನೋಡುತ್ತಿದ್ದೆ, ಯಜಮಾನರ ಅಭಿಪ್ರಾಯವನ್ನು ಕಾಫಿಯ ಹೊತ್ತಿಗೆ ಕೇಳುತ್ತಿದ್ದೆ.