ಅಕ್ಕನ ತೊಟ್ಟಿಯ ಕೆಸರು

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆಗೆ ಯಾವುದಕ್ಕೂ ತಾಳ್ಮೆ ಇಲ್ಲ. ಅಳತೆ ಕೊಟ್ಟವರು ಮನೆ ಮುಟ್ಟುವಷ್ಟರಲ್ಲಿ ಬಟ್ಟೆ ಕತ್ತರಿಸಿ ಮುಗಿಸಿರುತ್ತಾಳೆ. ಹಿತ್ತಲಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ತಾವರೆ ಗೆಡ್ಡೆ ಬೆಳೆಯಲು ಹೊರಟಾಗಲೂ ಅದೇ ಕಥೆ. ಗುಲಾಬಿ ಗಿಡಕ್ಕೆ ಹಾಕುವ ಹಾಗೆ ಎಲೆಗೊಬ್ಬರವನ್ನು ಧಾರಾಳವಾಗಿ ಸುರಿದು ನೀರು ತುಂಬಿದಳು. ವಾರದೊಳಗೆ ಗೊಬ್ಬರವೆಲ್ಲ ತೇಲಿ, ಕೊಳೆತು ನಾರಿ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಎರಡು ಗೆಡ್ಡೆಗಳಲ್ಲಿ ಒಂದು ಕೊಳೆತೇಹೋಯಿತು.

ಉಳಿದದ್ದು ಒಂದೇ. ಅಕ್ಕನ ಮನೆ ಮಾರಿದ ದಿನ ಅವಳ ತೊಟ್ಟಿಯಿಂದ ಕಿತ್ತು ತಂದದ್ದು. ಅದೂ ಹೋದರೆ ಅಕ್ಕ ಬೆಳೆಸಿದ ತಳಿ ಅಲ್ಲಿಗೆ ಮುಗಿಯಿತು. ಅಕ್ಕ ಅದೇನೋ ಮಾಡಿ ಕೆಸರು ಹದಕ್ಕೆ ತರುತ್ತಿದ್ದಳು. ನಿಂತು ನೋಡಿ ಕಲಿಯುವ ವ್ಯವಧಾನ ಆಗ ಯಾರಿಗಿತ್ತು? ಈಗ ಕೇಳೋಣವೆಂದರೆ, ಮಗಳ ಮನೆಯಲ್ಲಿರುವ ಅಕ್ಕನಿಗೆ ಮರೆವಿನ ಕಾಯಿಲೆ. ತಂಗಿಯ ಗುರುತೂ ಹತ್ತದೆ ಎಂಟು ತಿಂಗಳಾಯಿತು. ‘ಅವಸರದ ಹುಡುಗಿ’ ಎಂದು ಅಕ್ಕನಿಂದ ಇನ್ನೊಂದೇ ಒಂದು ಸಲ ಬೈಸಿಕೊಳ್ಳಬೇಕೆಂದು ಆಕೆಯ ಜೀವ ಹಾತೊರೆಯುತ್ತಿತ್ತು.

ತಲೆ ಮರೆತದ್ದು ಕೈಕಾಲಿಗೆ ನೆನಪಿದ್ದೀತು ಎಂಬ ಆಸೆಯಿಂದ ಭಾನುವಾರ ಅಕ್ಕನನ್ನು ಕರೆತಂದು, ಹಿತ್ತಲಲ್ಲಿ ಕೂರಿಸಿ, ಎದುರಿಗೆ ಜೇಡಿಮಣ್ಣು ನೆನೆಸಿದ ಟಬ್ಬು ಎಳೆದಳು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ, ಅದಕ್ಕೂ ಒಂದು ಹಿಡಿ ಗೊಬ್ಬರ ಬೆರೆಸಿದ್ದಳು.

ಅಕ್ಕ ಟಬ್ಬಿನೊಳಗೆ ಇಣುಕಿದಳು. ಬಗ್ಗಿ ಮೂಸಿದಳು. ತೇಲುತ್ತಿದ್ದ ಎಲೆಚೂರುಗಳನ್ನು ಒಂದೊಂದಾಗಿ ಆರಿಸಿ ಎಸೆದಳು. ಆಮೇಲೆ ಎದ್ದು, ಬಟ್ಟೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ತಂಗಿಯ ಭುಜ ಹಿಡಿದು ಟಬ್ಬಿಗಿಳಿದು ತುಳಿಯತೊಡಗಿದಳು.

“ಗೊಬ್ಬರ ಯಾಕೆ ಹಾಕಿದ್ದು? ನೀರಲ್ಲಿ ಕೊಳೆಯುತ್ತೆ. ಬರೀ ಜೇಡಿಮಣ್ಣು ಸಾಕು. ಕಾಲಿಗೆ ಬೆಣ್ಣೆ ಹಾಗೆ ಸಿಗೋವರೆಗೆ ತುಳೀಬೇಕು.”

ಬೈಗುಳದ ಧಾಟಿ ಕೇಳಿ ಟೈಲರಮ್ಮ ತಟ್ಟನೆ ಅಕ್ಕನ ಮುಖ ನೋಡಿದಳು. “ಅಕ್ಕಾ, ನಾನ್ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಗಲಿಲ್ಲಮ್ಮ. ನನ್ನ ತಂಗೀನೂ ನಿಮ್ಮ ಹಾಗೇ. ಅವಸರದ ಹುಡುಗಿ. ಎಷ್ಟು ದಿನ ಆಯ್ತೋ, ಈ ಕಡೆ ತಲೇನೇ ಹಾಕಿಲ್ಲ. ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ.” ಅಕ್ಕ ತುಳಿಯುತ್ತಲೇ ಹೇಳಿದಳು. “ಬೆಳೆ ಬಂದಾಗ ಅವಳಿಗೂ ಒಂದು ಗೆಡ್ಡೆ ಎತ್ತಿಡಿ.”

ಟೈಲರಮ್ಮ ಕಣ್ಣೊರೆಸಿಕೊಳ್ಳಲಿಲ್ಲ; ಕೈ ಎತ್ತಿದರೆ ಅಕ್ಕ ಹಿಡಿದಿದ್ದ ಭುಜ ಅಲುಗುತ್ತಿತ್ತು.

“ಎತ್ತಿಡ್ತೀನಿ,” ಎಂದಳು. “ನೀವು ನಿಧಾನವಾಗಿ ತುಳೀರಿ. ನನಗೇನೂ ಅವಸರ ಇಲ್ಲ.”