ಭಟ್ಟಿ ಓಣಿಯಲ್ಲಿ ಮೂರು ಬಟ್ಟಲು ಗಂಜಿ

ರುಚಿ ಕೇಳುವವನು ತಾನು ತಿನ್ನಬಾರದು. ತಿಂದರೆ ಅವನ ಮುಖ ನೋಡಿಕೊಂಡೇ ಉಳಿದವರು ಉತ್ತರ ಹೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಕಲಿತ ಈ ನಿಯಮವನ್ನು ಕೊಟ್ಟೂರಿನ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯವರೆಗೂ ಹೊತ್ತುಕೊಂಡು ಹೋಗಿದ್ದೆ. ತುರ್ತುಪರಿಸ್ಥಿತಿ ಮುಗಿದ ಮರುವರ್ಷವಿರಬೇಕು. ಬೇಸಿಗೆ ಎಂದು ನೆನಪು. ಆದರೆ ಭಟ್ಟಿಯ ಪಕ್ಕದಲ್ಲಿ ಎಲ್ಲ ಕಾಲವೂ ಬೇಸಿಗೆಯೇ, ಹಾಗಾಗಿ ಆ ನೆನಪನ್ನು ನಂಬಲಾರೆ.

ಎಣ್ಣೆ ತೆಗೆದ ಶೇಂಗಾ ಹಿಂಡಿ ಮತ್ತು ಜೋಳ ಬೀಸಿ ಮಾಡಿದ ಹೊಸ ಹಿಟ್ಟೊಂದನ್ನು ಬಡ ಬಸುರಿಯರಿಗೆ ಹಂಚುವ ಯೋಚನೆ ಮೇಲಿನವರಿಗಿತ್ತು. ಅದಕ್ಕೆ ಮೊದಲು ಅದು ಅವರಿಗೆ ರುಚಿಸುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಬೆಲ್ಲ ಹೆಚ್ಚುಕಡಿಮೆ ಮಾಡಿ ಮೂರು ಬಗೆಯ ಗಂಜಿ ಕಾಸಿಕೊಂಡು ಹೋಗಿದ್ದೆ. ಅಕ್ಷರ ಬಾರದವರೂ ತೋರಿಸಿ ಹೇಳಲೆಂದು ನಗುವ, ಸುಮ್ಮನಿರುವ, ಸಿಂಡರಿಸಿದ ಮುಖಗಳನ್ನು ಬರೆದ ರಟ್ಟೊಂದು ಕೈಯಲ್ಲಿತ್ತು. ಜೊತೆಗೆ ಹಗರಿಬೊಮ್ಮನಹಳ್ಳಿಯಿಂದ ಬಂದ ಆರೋಗ್ಯ ಸಹಾಯಕಿ. ಹೊಸದಾಗಿ ಮದುವೆಯಾಗಿದ್ದ ಹುಡುಗಿ.

ಓಣಿಯವರೆಲ್ಲ ಭಟ್ಟಿಯ ಕೂಲಿಗಳು. ತಗಡು ಮತ್ತು ಗೋಣಿತಟ್ಟಿನ ಮನೆಗಳು; ಸುಟ್ಟ ಹೊಟ್ಟಿನ ಮಸಿ ನೀರಿನ ಕೊಡದ ಮೇಲೂ ಕೂತಿರುತ್ತಿತ್ತು. ಊರಿಗೆಲ್ಲ ಮಂಡಕ್ಕಿ ಹುರಿದು ಜರಡಿ ಹಿಡಿಯುವವರು ಮನೆಯಲ್ಲಿ ಅಂಬಲಿ ಕುಡಿಯುತ್ತಿದ್ದರು. ನಾವು ಕೂತದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮುಂದೆ. ಅವಳ ಸೊಸೆಗೆ ಐದನೆಯದೋ ಆರನೆಯದೋ ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಇದನ್ನು ಅತ್ತೆಯೇ ಹೇಳಿದಳು, ತಪ್ಪು ನಮ್ಮದೇ ಎಂಬಂತೆ.

“ಮನ್ನಿ ನಮ್ಮ ಗಂಡಸರ್ನ ಜೀಪಿನಾಗ ತುಂಬ್ಕೊಂಡು ಹೋಗಿ ಕೊಯ್ದ್ರಿ. ಈಗ ಗಂಜಿಯಾಗ ಔಷಧ ಕಲಸ್ಕೊಂಡು ಬಂದೀರೇನು, ಮಕ್ಕಳಾಗಬಾರದಂತ?”

“ಇಲ್ಲಬೇ ಯವ್ವಾ. ಶೇಂಗಾ ಹಿಂಡಿ, ಜೋಳ, ಬೆಲ್ಲ ಅಷ್ಟ. ನಾನೂ ಈ ಕಡಿಯವನ, ಹರಪನಹಳ್ಳಿ.”

“ಹರಪನಹಳ್ಯಾಗೂ ಕೊಯ್ದಾರ ತಗೋ. ಹಿಂಡಿ ಎತ್ತಿಗೆ ಹಾಕ್ತಾರಪಾ, ಬಸುರಿಗಲ್ಲ.”

ಸುತ್ತ ನಿಂತವರು ನಕ್ಕರು. ಆ ಓಣಿಯಲ್ಲೊಂದು ಪದ್ಧತಿಯಿತ್ತು. ಬಸುರಿಗೆ ಹೊರಗಿನಿಂದ ಊಟ ತಂದವರು, ತವರಿನವರೇ ಆಗಿರಲಿ, ಮೊದಲ ತುತ್ತನ್ನು ಅದೇ ಪಾತ್ರೆಯಿಂದ ತಾವು ತಿನ್ನಬೇಕು. ಅತ್ತೆ ಬಟ್ಟಲುಗಳನ್ನು ನನ್ನತ್ತ ಸರಿಸಿದಳು. ನಾನು ನನ್ನ ನಿಯಮ ವಿವರಿಸತೊಡಗಿದೆ. ವಿವರಿಸಿದಷ್ಟೂ ಅದು ನನ್ನ ಕಿವಿಗೇ ಕಳ್ಳನ ಮಾತಾಗಿ ಕೇಳಿಸಿತು. ಕೊನೆಗೆ ನಿಯಮ ಬದಿಗಿಟ್ಟು, ಮೂರೂ ಬಟ್ಟಲಿನಿಂದ ಒಂದೊಂದು ಚಮಚ ತಿಂದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀ ತಿಂದ್ರ ಏನಾತು? ನಿನಗೇನು ಬಸಿರು ನಿಲ್ಲತೈತಾ? ನಿನ್ನ ಜೋಡಿ ಬಂದಾಕಿ ತಿನ್ಲಿ.”

ಸಹಾಯಕಿ ಬಟ್ಟಲು ಎತ್ತಿದಳು, ಮೂಸಿದಳು, ಕೆಳಗಿಟ್ಟಳು. “ನಂದು ಉಪವಾಸ ಐತ್ರೀ.”

“ಸೋಮಾರ ನಿನ್ನೇನ ಹೋತಲ್ಲವಾ,” ಎಂದಳು ಪಕ್ಕದ ಮನೆಯವಳು. “ಇವತ್ತು ಯಾವ ದೇವರದು?”

ಈ ಸಲ ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, “ಅತ್ತೀ, ನನಗ ಹಸಿವಾಗೈತಿ,” ಎಂದಳು.

“ಹಸಿದ್ರ ಅಂಬಲಿ ಐತಿ. ಇದನ್ನ ಒಯ್ದು ಕೋಳಿಗೆ ಹಾಕು.”

ಸೊಸೆ ಬಟ್ಟಲುಗಳನ್ನು ಒಳಗೆ ಒಯ್ದಳು, ಸ್ವಲ್ಪ ಹೊತ್ತಿನ ಮೇಲೆ ತೊಳೆದು ತಂದಿಟ್ಟಳು. ಒಳಗೆ ಕೋಳಿಗಳಿದ್ದವೇ? ಆ ಮನೆಗೆ ಹಿತ್ತಲು ಇತ್ತೇ? ಆಗ ನನಗೆ ಈ ಪ್ರಶ್ನೆಗಳು ಹೊಳೆಯಲಿಲ್ಲ. ನಾನು ಸಹಾಯಕಿಯ ಮೇಲೆ ಸಿಟ್ಟಾಗಿದ್ದೆ.

ಸಂಜೆ ಬಸ್ಸಿನಲ್ಲಿ ಅವಳನ್ನು ಕೇಳಿದೆ, ಯಾಕೆ ತಿನ್ನಲಿಲ್ಲವೆಂದು.

“ಅದರಾಗ ಏನೂ ಇರಲಿಲ್ಲಂತ ನಿಮಗ ಖಾತ್ರಿ ಐತೇನ್ರಿ ಸಾರ್?”

“ಚೀಲ ಬಿಚ್ಚಿದವನು ನಾನ.”

“ಬಿಚ್ಚಿದವರು ನೀವು. ತುಂಬಿದವರು ಯಾರ್ರಿ?”

ಅವಳು ಕಿಟಕಿಯ ಕಡೆ ತಿರುಗಿದಳು. ಮುಂದಿನ ದಾರಿಯುದ್ದಕ್ಕೂ ನಾನು ನನ್ನ ಹೊಟ್ಟೆಯನ್ನೇ ಗಮನಿಸುತ್ತ ಕೂತಿದ್ದೆ. ವಿಜ್ಞಾನ ಓದಿದವನು! ಏನೂ ಆಗಲಿಲ್ಲ. ಆಗದಿದ್ದುದು ಏನನ್ನೂ ಸಾಬೀತು ಮಾಡುವುದಿಲ್ಲವೆಂದು ಆ ಮುದುಕಿ ಆಗಲೇ ಹೇಳಿದ್ದಳು.

ಮುಂದೊಮ್ಮೆ, ಒಂದು ವರ್ಷದ ಮೇಲಾಗಿರಬಹುದು, ಹಡಗಲಿಗೆ ಹೊರಟವನು ಕೊಟ್ಟೂರಿನಲ್ಲಿ ಇಳಿದು ಓಣಿಗೆ ಹೋದೆ. ಬಸಿರು ನಿಂತಿತೋ ಇಲ್ಲವೋ ತಿಳಿಯಬೇಕಿತ್ತು. ಸೊಸೆ ಜರಡಿ ಹಿಡಿದಿದ್ದಳು. ಹಳೆಯ ಸೀರೆಯ ಜೋಳಿಗೆಯಲ್ಲಿ ಮಗು. ಅತ್ತೆ ನನ್ನ ಗುರುತು ಹಿಡಿದು, ಮೊದಲು ಜೋಳಿಗೆಗೆ ಸೆರಗು ಮುಚ್ಚಿದಳು.

“ನಿನ್ನ ಹಿಟ್ಟು ಮುಟ್ಟಲಿಲ್ಲ ನೋಡು, ಅದಕ್ಕ ಉಳೀತು,” ಎಂದಳು. ಆದರೂ ಬಿಸಿಲಿನಲ್ಲಿ ಬಂದವನೆಂದು ನೀರು ತರಲು ಒಳಗೆ ಹೋದಳು.

ಜರಡಿ ನಿಲ್ಲಿಸದೆ, ತಲೆ ಎತ್ತದೆ, ಸೊಸೆ ಹೇಳಿದಳು: “ಮೂರನೇದಕ್ಕ ಬೆಲ್ಲ ಹೆಚ್ಚಾಗಿತ್ರೀ. ಎರಡನೇದು ಚಲೋ ಇತ್ತು.”

ಹೀಗೆಂದೇ ನನ್ನ ನೆನಪು. ಆದರೆ ಎರಡನೆಯ ಬಟ್ಟಲೇ ಚೆನ್ನಾಗಿದೆ ಎಂಬುದು ಅಂದು ತಿಂದಾಗ ನನಗೂ ಅನ್ನಿಸಿತ್ತು. ನನ್ನ ನಾಲಿಗೆಯ ತೀರ್ಮಾನವನ್ನು ಇಷ್ಟು ವರ್ಷಗಳಲ್ಲಿ ನಾನೇ ಅವಳ ಬಾಯಿಗೆ ಹಾಕಿರಬಹುದು. ಜರಡಿಯ ಸದ್ದಿನಲ್ಲಿ ಅವಳು ಬೇರೇನೋ ಹೇಳಿರಲೂಬಹುದು. ಅತ್ತೆ ಚೊಂಬು ಹಿಡಿದು ಹೊರಬಂದಾಗ ಸೊಸೆ ಜರಡಿ ಆಡಿಸುತ್ತಲೇ ಇದ್ದಳು, ಮಗು ಎದ್ದು ಅಳುತ್ತಿತ್ತು.